ಸ್ಟೂಡೆಂಟ್ ಅಲ್ಲದವರನ್ನೂ ಒಳಗೆ ಬಿಡ್ತಾರಾ? ಯುರೋಪಿನ ಯೂನಿವರ್ಸಿಟಿ ಉಪನ್ಯಾಸಗಳಿಗೆ ಹೋಗುವವರಿಗೆ

"ನಾನು ಇಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಯೂನಿವರ್ಸಿಟಿಗೂ ನನಗೂ ಸಂಬಂಧ ಇಲ್ಲ. ನ್ಯಾಟೋ ಬಗ್ಗೆ ಸಂಜೆ ಉಪನ್ಯಾಸ ಅಂತ ಟ್ರಾಮ್ ಸ್ಟಾಪಿನಲ್ಲಿ ಪೋಸ್ಟರ್ ನೋಡಿದೆ. ಹೋಗಬಹುದಾ?"

ಈ ಪ್ರಶ್ನೆ ಪದೇ ಪದೇ ಬರುತ್ತದೆ. ಕೇಳುವವರು ಬೇರೆ ಬೇರೆ, ಅನುಮಾನ ಮಾತ್ರ ಅದೇ. ಬಾಗಿಲಲ್ಲಿ ಯಾರಾದರೂ ತಡೆದು "ನೀವು ಯಾರು?" ಅಂದರೆ ಏನು ಮಾಡೋದು ಅಂತ. ಒಬ್ಬೊಬ್ಬರಿಗೆ ಉತ್ತರ ಬರೆದು ಸಾಕಾಯ್ತು. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಹೋಗಬಹುದು. ಪೋಸ್ಟರಿನಲ್ಲಿ "ಸಾರ್ವಜನಿಕ" ಅಂತಿದ್ದರೆ ಅದು ಊರವರಿಗೇ ಇಟ್ಟಿರುವುದು. ಹೆಚ್ಚಿನ ಕಡೆ ದುಡ್ಡಿಲ್ಲ, ಗುರುತಿನ ಚೀಟಿಯನ್ನೂ ಕೇಳುವುದಿಲ್ಲ. ಇದು ಹೊಸ ಪದ್ಧತಿಯೂ ಅಲ್ಲ. 1827-28ರಲ್ಲಿ ನಿಸರ್ಗ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್ ಬರ್ಲಿನ್ನಿನಲ್ಲಿ ಉಪನ್ಯಾಸ ಕೊಟ್ಟಾಗ ಯೂನಿವರ್ಸಿಟಿಯಲ್ಲಿ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಸಿಂಗ್‌ಅಕಾಡೆಮಿ ಅನ್ನುವ ಸಂಗೀತದ ಹಾಲಿನಲ್ಲಿ ಅವನು ಬೇರೆಯಾಗಿ ಮಾತಾಡಿದಾಗ ಅವರೂ ಬಂದು ಕೂತು ಕೇಳಿದರು.

ನಾನಿರುವುದು ಜರ್ಮನಿಯಲ್ಲಿ, ಆದ್ದರಿಂದ ಇಲ್ಲಿನ ವಿಷಯವೇ ಜಾಸ್ತಿ ಇರುತ್ತದೆ. ಲಂಡನ್, ವಿಯೆನ್ನಾ ಕಡೆಯವರಿಗೂ ಬಹುಪಾಲು ಉಪಯೋಗಕ್ಕೆ ಬರುತ್ತದೆ. ಊರಿನಲ್ಲೇ ಕೂತು ಆನ್‌ಲೈನ್ ನೋಡುವವರು ಬೇಕಾದರೆ ನೇರ 8ನೇ ಹಂತಕ್ಕೆ ಹೋಗಿ. ಆದರೆ 4ನ್ನು ಬಿಡಬೇಡಿ, ಅದು ಎಲ್ಲರಿಗೂ ಬೇಕು.

ಬೇಕಾಗುವುದು ಇಷ್ಟೇ: ಒಂದು ನೋಟ್‌ಬುಕ್, ಪೆನ್ನು, ಫೋಟೊ ಇರುವ ಯಾವುದಾದರೂ ಐಡಿ (ಕೇಳಿದರೆ ತೋರಿಸೋಕೆ), ಸಂಜೆ ಎರಡೂವರೆ ಗಂಟೆ ಬಿಡುವು. ದೊಡ್ಡ ಬ್ಯಾಗ್ ಬೇಡ.

1. ಎಲ್ಲಿ ಹುಡುಕಬೇಕು

ಯೂನಿವರ್ಸಿಟಿಯ ಮುಖಪುಟದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಅಲ್ಲಿ ಇರುವುದೆಲ್ಲ ಅಡ್ಮಿಷನ್ ಗದ್ದಲ. ನೀವು ಹುಡುಕಬೇಕಾದ ಪದ "ಫೆರಾನ್‌ಸ್ಟಾಲ್ಟುಂಗ್ಸ್‌ಕಾಲೆಂಡರ್", ಅಂದರೆ ಕಾರ್ಯಕ್ರಮಗಳ ಪಟ್ಟಿ. ಅದಕ್ಕಿಂತ ಒಳ್ಳೆಯ ದಾರಿ ಅಂದರೆ ಆಯಾ ವಿಭಾಗ ಮತ್ತು ಸಂಸ್ಥೆಗಳ ಪುಟಕ್ಕೇ ಹೋಗಿ ಇಮೇಲ್ ಪಟ್ಟಿಗೆ ಹೆಸರು ಕೊಡುವುದು.

ನಮ್ಮ ವಿಷಯಕ್ಕೆ, ಅಂದರೆ ಯುರೋಪಿನ ಭದ್ರತೆ, ರಾಜಕೀಯ, ನೆನಪಿನ ರಾಜಕಾರಣಕ್ಕೆ (ಹಿಂದೆ ಆದದ್ದನ್ನು ಯಾರು ಹೇಗೆ ನೆನೆಯಬೇಕು ಅನ್ನುವ ಜಗಳಕ್ಕೆ), ಕೆಲವು ಖಾಯಂ ವಿಳಾಸಗಳಿವೆ. ಬರ್ಲಿನ್‌ನಲ್ಲಿ ಪೂರ್ವ ಯುರೋಪಿನ ಅಧ್ಯಯನಕ್ಕೇ ಇರುವ ಝೊಯ್ಸ್, ಫ್ರೈ ಯೂನಿವರ್ಸಿಟಿಯ ಪೂರ್ವ ಯುರೋಪ್ ಇನ್‌ಸ್ಟಿಟ್ಯೂಟ್. ಪೋಲೆಂಡ್ ಗಡಿಯ ಫ್ರಾಂಕ್‌ಫುರ್ಟ್ ಆನ್ ಡೆರ್ ಓಡರ್‌ನಲ್ಲಿ ವಿಯಾದ್ರಿನಾ ಯೂನಿವರ್ಸಿಟಿ. ಇದು ವಿಮಾನ ನಿಲ್ದಾಣ ಇರುವ ಫ್ರಾಂಕ್‌ಫುರ್ಟ್ ಅಲ್ಲ, ಟಿಕೆಟ್ ಮಾಡಿಸುವಾಗ ಹುಷಾರು. ಉಪನ್ಯಾಸ ಮುಗಿಸಿ ಸೇತುವೆ ದಾಟಿದರೆ ಪೋಲೆಂಡಿನ ಸ್ಲುಬಿತ್ಸೆ, ಅಲ್ಲೇ ಊಟ ಮಾಡಿ ಬರಬಹುದು. ವಿಯೆನ್ನಾದಲ್ಲಿ 1982ರಿಂದ ಇರುವ ಐಡಬ್ಲ್ಯುಎಂ ಅನ್ನುವ ಸಂಶೋಧನಾ ಸಂಸ್ಥೆ. ಲಂಡನ್ನಿನಲ್ಲಿ ಎಲ್ಎಸ್ಇ (ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್), ಮತ್ತು 1915ರಲ್ಲಿ ಶುರುವಾದ, ಈಗ ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ (ಯುಸಿಎಲ್) ಭಾಗವಾಗಿರುವ ಸ್ಲಾವಿಕ್ ಮತ್ತು ಪೂರ್ವ ಯುರೋಪ್ ಅಧ್ಯಯನ ಶಾಲೆ. ಗ್ರೆಶಮ್ ಕಾಲೇಜಂತೂ 1597ರಿಂದ ಲಂಡನ್ನಿನ ಜನರಿಗೆ ಪುಕ್ಕಟೆ ಉಪನ್ಯಾಸ ಕೊಡುತ್ತಾ ಬಂದಿದೆ. ಅದು ಡಿಗ್ರಿ ಕೊಡುವ ಕಾಲೇಜೇ ಅಲ್ಲ.

ಯಾವಾಗ ಹುಡುಕಬೇಕು ಅನ್ನುವುದೂ ಮುಖ್ಯ. ಜರ್ಮನಿಯಲ್ಲಿ ಚಳಿಗಾಲದ ಪಾಠಗಳು ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ತನಕ, ಬೇಸಿಗೆಯವು ಏಪ್ರಿಲ್ ಮಧ್ಯದಿಂದ ಜುಲೈ ತನಕ. ಆಗಸ್ಟಿನಲ್ಲಿ ಹುಡುಕಿ "ನಮ್ಮೂರಿನಲ್ಲಿ ಏನೂ ಇಲ್ಲ" ಅನ್ನಬೇಡಿ. ಆಗಸ್ಟಿನಲ್ಲಿ ಪ್ರೊಫೆಸರೇ ಊರಲ್ಲಿರುವುದಿಲ್ಲ.

2. ಪ್ರಕಟಣೆ ಓದುವುದು

ಇಲ್ಲೇ ಜನ ಜಾಸ್ತಿ ಎಡವುವುದು. ಒಂದು ಮಾಮೂಲಿ ಪ್ರಕಟಣೆಯಲ್ಲಿ ಹೀಗಿರುತ್ತದೆ ಅಂದುಕೊಳ್ಳಿ: "ಮಂಗಳವಾರ, 18 ಗಂಟೆ ಸಿ.ಟಿ., ಹ್ಯೋರ್ಸಾಲ್ 3, ಐನ್‌ಟ್ರಿಟ್ ಫ್ರೈ, ಆನ್‌ಮೆಲ್ಡುಂಗ್ ಎರ್‌ಬೆಟನ್."

ಹ್ಯೋರ್ಸಾಲ್ ಅಂದರೆ ಉಪನ್ಯಾಸದ ಹಾಲ್. ಐನ್‌ಟ್ರಿಟ್ ಫ್ರೈ ಅಂದರೆ ಪ್ರವೇಶ ಉಚಿತ. ಆನ್‌ಮೆಲ್ಡುಂಗ್ ಅಂದರೆ ಹೆಸರು ನೋಂದಾಯಿಸುವುದು. ಅದರ ಪಕ್ಕದಲ್ಲಿ ಎರ್‌ಬೆಟನ್ ಅಂತಿದ್ದರೆ "ಮಾಡಿದರೆ ಒಳ್ಳೆಯದು", ಎರ್‌ಫೊರ್ಡರ್‌ಲಿಶ್ ಅಂತಿದ್ದರೆ "ಮಾಡಲೇಬೇಕು". ಎರಡೂ ಪದ ನೋಡಲು ಒಂದೇ ಥರ ಕಾಣುತ್ತವೆ, ವ್ಯತ್ಯಾಸ ಮಾತ್ರ ಬಾಗಿಲಲ್ಲಿ ಗೊತ್ತಾಗುತ್ತದೆ.

ಆ ಸಿ.ಟಿ. ಇದೆಯಲ್ಲ, ಅದು ಲ್ಯಾಟಿನ್ನಿನ "ಕುಮ್ ತೆಂಪೋರೆ", ಅಂದರೆ "ಸಮಯ ಸೇರಿಸಿ". 18 ಸಿ.ಟಿ. ಅಂದರೆ ಶುರುವಾಗುವುದು 18:15ಕ್ಕೆ. ಎಸ್.ಟಿ. ಅಂತಿದ್ದರೆ 18:00ಕ್ಕೆ ಸರಿಯಾಗಿ. ಈ ಕಾಲು ಗಂಟೆಗೆ "ಅಕಾಡೆಮಿಕ್ ಕಾಲುಗಂಟೆ" ಅಂತಲೇ ಹೆಸರಿದೆ. ನಾನು ಮೊದಲ ಸಲ ಆರಕ್ಕೆ ಸರಿಯಾಗಿ ಹೋಗಿ, ಖಾಲಿ ಹಾಲ್ ನೋಡಿ, ಕಾರ್ಯಕ್ರಮ ರದ್ದಾಗಿದೆ ಅಂದುಕೊಂಡು ವಾಪಸ್ ಟ್ರಾಮ್ ಹತ್ತಿದ್ದೆ. ಜರ್ಮನ್ನರು ಗಡಿಯಾರ ನೋಡಿ ಉಸಿರಾಡುತ್ತಾರೆ ಅಂತ ನಮಗೆ ಹೇಳಿದವರು ಇದೊಂದನ್ನು ಹೇಳಿರಲಿಲ್ಲ.

ಭಾಷೆ ಯಾವುದು ಅಂತ ನೋಡಿ. ತಲೆಬರಹ ಇಂಗ್ಲಿಷಿನಲ್ಲಿದ್ದ ಮಾತ್ರಕ್ಕೆ ಮಾತೂ ಇಂಗ್ಲಿಷಿನಲ್ಲಿ ಇರಬೇಕಾಗಿಲ್ಲ. ನಾನು ಕಂಡ ಹಾಗೆ ಭದ್ರತೆಯ ವಿಷಯಕ್ಕೆ ಇಂಗ್ಲಿಷ್ ಸಿಗುತ್ತದೆ, ನೆನಪು, ಇತಿಹಾಸಕ್ಕೆ ಜರ್ಮನ್ ಜಾಸ್ತಿ. ದೊಡ್ಡ ಕಾರ್ಯಕ್ರಮಗಳಲ್ಲಿ ಕೆಲವೊಮ್ಮೆ ಅಲ್ಲಲ್ಲೇ ಅನುವಾದ ಮಾಡಿ ಹೆಡ್‌ಫೋನ್‌ನಲ್ಲಿ ಕೇಳಿಸುತ್ತಾರೆ. ಹೆಡ್‌ಫೋನ್ ಕೊಡುವಾಗ ಐಡಿ ಇಟ್ಟುಕೊಳ್ಳಬಹುದು, ಅದಕ್ಕೇ ಒಂದು ಐಡಿ ಜೇಬಿನಲ್ಲಿರಲಿ ಅಂದದ್ದು. ನಿಮ್ಮ ಜರ್ಮನ್ ಬಿ1, ಅಂದರೆ ನಡು ಮಟ್ಟದಲ್ಲಿದ್ದರೆ ಬರೆದದ್ದನ್ನು ಓದುವ ಪ್ರೊಫೆಸರ್ ಕೈಗೆ ಸಿಕ್ಕಿ ಒದ್ದಾಡುತ್ತೀರಿ, ಬಾಯಿಂದಲೇ ಮಾತಾಡುವವರು ಸಿಕ್ಕರೆ ಬಚಾವ್.

3. ಇದು ಯಾವ ಥರದ ಕಾರ್ಯಕ್ರಮ?

ಎಲ್ಲದಕ್ಕೂ ನಾವು "ಲೆಕ್ಚರ್" ಅಂದುಬಿಡುತ್ತೇವೆ. ಅವರು ಹಾಗಲ್ಲ.

ರಿಂಗ್‌ಫೋರ್ಲೆಸುಂಗ್ ಅಂದರೆ ಒಂದೇ ವಿಷಯದ ಮೇಲೆ ವಾರಕ್ಕೊಬ್ಬರು ಬಂದು ಮಾತಾಡುವ ಸರಣಿ. ಹೊಸಬರು ಇದರಿಂದಲೇ ಶುರು ಮಾಡಿ. ಒಂದು ವಾರ ತಪ್ಪಿದರೂ ನಷ್ಟ ಇಲ್ಲ, ನಾಲ್ಕು ವಾರ ಹೋದರೆ ವಿಷಯ ಕೈಗೆ ಹತ್ತುತ್ತದೆ. ಆನ್‌ಟ್ರಿಟ್ಸ್‌ಫೋರ್ಲೆಸುಂಗ್ ಅಂದರೆ ಹೊಸದಾಗಿ ಬಂದ ಪ್ರೊಫೆಸರ್ ಕೊಡುವ ಮೊದಲ ಉಪನ್ಯಾಸ. ಮನೆಯವರೆಲ್ಲ ಬಂದಿರುತ್ತಾರೆ, ಒಂಥರಾ ಗೃಹಪ್ರವೇಶದ ಹಾಗೆ. ಕೊಲ್ಲೋಕ್ವಿಯುಮ್ ಅಂದರೆ ಸಂಶೋಧಕರ ಕೂಟ, ಮುಂಚೆಯೇ ಪೇಪರ್ ಓದಿಕೊಂಡು ಬಂದಿರುತ್ತಾರೆ. ಬಾಗಿಲು ತೆರೆದಿದ್ದರೂ ಮೊದಲ ಸಲಕ್ಕೆ ಅದು ಬೇಡ.

ಇನ್ನೊಂದು ಗೊಂದಲ. ಯೂನಿವರ್ಸಿಟಿಯ ಮಾಮೂಲಿ ಕ್ಲಾಸಿಗೆ ಹೊರಗಿನವರು ಕೂರಬೇಕಾದರೆ "ಗಾಸ್ಟ್‌ಹ್ಯೋರರ್", ಅತಿಥಿ ಕೇಳುಗ, ಅಂತ ನೋಂದಾಯಿಸಿ ಸಾಮಾನ್ಯವಾಗಿ ಫೀ ಕಟ್ಟಬೇಕು. ಅದಕ್ಕೂ ಸಾರ್ವಜನಿಕ ಉಪನ್ಯಾಸಕ್ಕೂ ಸಂಬಂಧ ಇಲ್ಲ. ಫೀ ಕೇಳುತ್ತಿದ್ದಾರೆ ಅಂತ ಹೆದರಿ ಫೋನ್ ಮಾಡುವವರು ಹೆಚ್ಚಾಗಿ ತಪ್ಪು ಪುಟ ನೋಡಿರುತ್ತಾರೆ.

ಮತ್ತೊಂದು, ರಾಜಕಾರಣಿಗಳ ಭಾಷಣ. ಯುರೋಪಿನ ರಾಜಕಾರಣಿಗಳಿಗೆ ದೊಡ್ಡ ಮಾತು ಹೇಳಬೇಕು ಅನ್ನಿಸಿದಾಗ ಯೂನಿವರ್ಸಿಟಿ ಹಾಲೇ ಬೇಕು. ಚರ್ಚಿಲ್ "ಯುರೋಪಿನ ಸಂಯುಕ್ತ ಸಂಸ್ಥಾನ" ಕಟ್ಟಬೇಕು ಅಂದದ್ದು 1946ರಲ್ಲಿ ಝ್ಯೂರಿಕ್ ಯೂನಿವರ್ಸಿಟಿಯಲ್ಲಿ. ಜರ್ಮನಿಯ ವಿದೇಶಾಂಗ ಮಂತ್ರಿ ಯೋಷ್ಕಾ ಫಿಷರ್ ಒಕ್ಕೂಟ ಯುರೋಪಿನ ಮಾತೆತ್ತಿದ್ದು 2000ದಲ್ಲಿ ಹುಂಬೋಲ್ಟ್ ಯೂನಿವರ್ಸಿಟಿಯಲ್ಲಿ. ಫ್ರಾನ್ಸಿನ ಅಧ್ಯಕ್ಷ ಮಾಕ್ರೋನ್ 2017ರಲ್ಲಿ, ಮತ್ತೆ 2024ರಲ್ಲಿ ಪ್ಯಾರಿಸ್ಸಿನ ಸೋರ್ಬಾನ್ ಯೂನಿವರ್ಸಿಟಿಯಲ್ಲಿ. ಆಗಿನ ಜರ್ಮನ್ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಶೋಲ್ಟ್ಸ್ 2022ರ ಆಗಸ್ಟಿನಲ್ಲಿ ಪ್ರಾಗಿನ ಚಾರ್ಲ್ಸ್ ಯೂನಿವರ್ಸಿಟಿಯಲ್ಲಿ. ನನಗೆ ತುಂಬಾ ಇಷ್ಟವಾಗುವುದು ಮಸಾರಿಕ್ ಕಥೆ. 1915ರಲ್ಲಿ, ಯುದ್ಧದ ನಡುವೆ, ದೇಶ ಬಿಟ್ಟು ಬಂದಿದ್ದ ಈ ಜೆಕ್ ಪ್ರೊಫೆಸರ್ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಯುರೋಪಿನ ಸಣ್ಣ ರಾಷ್ಟ್ರಗಳ ಸಮಸ್ಯೆ ಬಗ್ಗೆ ಉಪನ್ಯಾಸ ಕೊಟ್ಟ. ಆಗ ಚೆಕೊಸ್ಲೊವಾಕಿಯಾ ಅನ್ನುವ ದೇಶವೇ ಇರಲಿಲ್ಲ. ಮೂರೇ ವರ್ಷಕ್ಕೆ ಆ ದೇಶ ಹುಟ್ಟಿತು, ಅವನೇ ಮೊದಲ ಅಧ್ಯಕ್ಷನಾದ.

ಇಂಥ ಭಾಷಣಗಳಿಗೆ ಹೋಗುವುದಾದರೆ ಬೇಗ ಹೆಸರು ಕೊಡಿ, ಪಾಸ್‌ಪೋರ್ಟ್ ತನ್ನಿ, ಬ್ಯಾಗ್ ತಪಾಸಣೆಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಪ್ರಶ್ನೆ ಕೇಳುವ ಆಸೆ ಬಿಡಿ. ಕಲಿಯಬೇಕು ಅಂತಿದ್ದರೆ ಮಂತ್ರಿಯ ಭಾಷಣಕ್ಕಿಂತ 40 ಜನ ಕೂತಿರುವ ಪ್ರೊಫೆಸರ್ ಉಪನ್ಯಾಸ ಎಷ್ಟೋ ವಾಸಿ.

4. ಒಂದು ಗಂಟೆಯ ತಯಾರಿ

ಓದದೇ ಹೋದರೂ ನಡೆಯುತ್ತದೆ. ಆದರೆ ಒಂದು ಗಂಟೆ ಕೊಟ್ಟರೆ ಸಂಜೆಯೇ ಬೇರೆ. ಪುಸ್ತಕ ಬೇಡ, ಕೆಲವು ಗಂಟುಗಳನ್ನು ಬಿಡಿಸಿಕೊಂಡರೆ ಸಾಕು.

ಮೊದಲ ಗಂಟು, ಮೂರು ಕೌನ್ಸಿಲ್‌ಗಳು. ಯುರೋಪಿಯನ್ ಕೌನ್ಸಿಲ್ ಅಂದರೆ ಯುರೋಪಿಯನ್ ಯೂನಿಯನ್ನಿನ 27 ದೇಶಗಳ ಪ್ರಧಾನಿ, ಅಧ್ಯಕ್ಷರು ಕೂರುವ ಸಭೆ. ಕೌನ್ಸಿಲ್ ಆಫ್ ದಿ ಯುರೋಪಿಯನ್ ಯೂನಿಯನ್ ಅಂದರೆ ಮಂತ್ರಿಗಳ ಸಭೆ. ಮೀನುಗಾರಿಕೆ ವಿಷಯವಾದರೆ ಮೀನುಗಾರಿಕೆ ಮಂತ್ರಿಗಳು, ಹಣಕಾಸಾದರೆ ಹಣಕಾಸು ಮಂತ್ರಿಗಳು. ಕೌನ್ಸಿಲ್ ಆಫ್ ಯುರೋಪ್ ಯೂನಿಯನ್ನಿಗೆ ಸೇರಿದ್ದೇ ಅಲ್ಲ. 1949ರಲ್ಲಿ ಹುಟ್ಟಿದ ಬೇರೆ ಸಂಸ್ಥೆ, ಸ್ಟ್ರಾಸ್‌ಬೂರ್ಗ್‌ನಲ್ಲಿದೆ, 46 ದೇಶಗಳಿವೆ, ಮಾನವ ಹಕ್ಕುಗಳ ಕೋರ್ಟ್ ಅದರದ್ದು. 2022ರ ಮಾರ್ಚಿನಲ್ಲಿ ರಷ್ಯಾವನ್ನು ಹೊರಗೆ ಹಾಕಿದ್ದು ಇದರಿಂದ. ಮಾತಾಡುವವರು ಮೂರನ್ನೂ ಸುಮ್ನೆ "ಕೌನ್ಸಿಲ್" ಅಂದುಬಿಡುತ್ತಾರೆ, ಯಾವುದು ಅಂತ ಸಂದರ್ಭ ನೋಡಿ ತಿಳಿದುಕೊಳ್ಳಬೇಕು.

ಎರಡನೆಯದು, ನ್ಯಾಟೋದ 5ನೇ ವಿಧಿ. ಒಬ್ಬರ ಮೇಲೆ ದಾಳಿಯಾದರೆ ಎಲ್ಲರ ಮೇಲೂ ಆದಂತೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆಗ ಪ್ರತಿಯೊಂದು ದೇಶ "ತನಗೆ ಅಗತ್ಯ ಅನ್ನಿಸಿದ" ಕ್ರಮ ಕೈಗೊಳ್ಳುತ್ತದೆ ಅಂತಿದೆಯೇ ಹೊರತು ಸೈನ್ಯ ಕಳಿಸಲೇಬೇಕು ಅಂತಿಲ್ಲ. ಅರ್ಧ ಉಪನ್ಯಾಸಗಳು ಈ ಸಂದಿಯಲ್ಲೇ ಓಡಾಡುತ್ತವೆ. ಇದುವರೆಗೆ ಈ ವಿಧಿಯನ್ನು ಬಳಸಿದ್ದು ಒಂದೇ ಸಲ, 2001ರಲ್ಲಿ ಅಮೆರಿಕದ ಮೇಲೆ ದಾಳಿಯಾದಾಗ. ಫಿನ್‌ಲೆಂಡ್ 2023ರಲ್ಲಿ, ಸ್ವೀಡನ್ 2024ರಲ್ಲಿ ಸೇರಿ ಈಗ 32 ದೇಶಗಳಾಗಿವೆ. ಜರ್ಮನಿಯಲ್ಲಿ "ತ್ಸೈಟನ್‌ವೆಂಡೆ" ಅನ್ನುವ ಪದ ಪ್ರತಿ ಹತ್ತು ನಿಮಿಷಕ್ಕೊಮ್ಮೆ ಕಿವಿಗೆ ಬೀಳುತ್ತದೆ. ಕಾಲ ಮಗ್ಗುಲು ಬದಲಿಸಿದ್ದು ಅಂತ ಅರ್ಥ. ಉಕ್ರೇನ್ ಮೇಲೆ ರಷ್ಯಾ ಪೂರ್ಣ ದಾಳಿ ಮಾಡಿದ ಮೂರು ದಿನಕ್ಕೆ, 2022ರ ಫೆಬ್ರವರಿ 27ರಂದು, ಶೋಲ್ಟ್ಸ್ ಸಂಸತ್ತಿನಲ್ಲಿ ಬಳಸಿದ ಪದ. ಸೈನ್ಯಕ್ಕೆ 10,000 ಕೋಟಿ ಯೂರೋ ಅಂತ ಅವತ್ತೇ ಹೇಳಿದ್ದು.

ಮೂರನೆಯದು, ನೆನಪು. ಇಲ್ಲಿ ಸ್ವಲ್ಪ ನಿಲ್ಲಬೇಕು.

ಭದ್ರತೆಯ ಉಪನ್ಯಾಸಕ್ಕೆ ನಮ್ಮವರು ಕಿಕ್ಕಿರಿದು ಹೋಗುತ್ತಾರೆ, "ಸಾಂಸ್ಕೃತಿಕ ಸ್ಮೃತಿ" ಅಂತ ಕಂಡರೆ ಅದು ಸಾಹಿತ್ಯದವರಿಗೆ ಅಂತ ಬಿಡುತ್ತಾರೆ. ತಪ್ಪು ಅಂತ ನನ್ನ ಅಭಿಪ್ರಾಯ. ಯುರೋಪಿನಲ್ಲಿ ಯಾರು ಯಾರಿಗೆ ಹೆದರುತ್ತಾರೆ ಅನ್ನುವುದು ಕ್ಷಿಪಣಿ ಲೆಕ್ಕದಿಂದ ಗೊತ್ತಾಗುವುದಿಲ್ಲ, ಅವರ ಅಜ್ಜ-ಅಜ್ಜಿಗೆ ಏನಾಯಿತು ಅನ್ನುವುದರಿಂದ ಗೊತ್ತಾಗುತ್ತದೆ.

ಎಸ್ಟೋನಿಯಾದ ಟಾಲಿನ್ ನೋಡಿ. ಊರ ಮಧ್ಯೆ ಸೋವಿಯತ್ ಕಾಲದ ಕಂಚಿನ ಸೈನಿಕನ ಪ್ರತಿಮೆ ಇತ್ತು. ರಷ್ಯನ್ ಮಾತಾಡುವವರಿಗೆ ಅವನು ಹಿಟ್ಲರನನ್ನು ಸೋಲಿಸಿದವನು, ಬಹಳಷ್ಟು ಎಸ್ಟೋನಿಯನ್ನರಿಗೆ ದೇಶವನ್ನು ಆಕ್ರಮಿಸಿದವನು. 2007ರ ಏಪ್ರಿಲ್‌ನಲ್ಲಿ ಅದನ್ನು ಸೈನಿಕರ ಸ್ಮಶಾನಕ್ಕೆ ಸಾಗಿಸಿದರು. ಎರಡು ರಾತ್ರಿ ದೊಂಬಿಯಾಯಿತು. ಅದರ ಬೆನ್ನಿಗೇ ದೇಶದ ಬ್ಯಾಂಕು, ಪತ್ರಿಕೆ, ಸರ್ಕಾರಿ ಸೈಟುಗಳ ಮೇಲೆ ವಾರಗಟ್ಟಲೆ ಸೈಬರ್ ದಾಳಿ. ಮರುವರ್ಷ ನ್ಯಾಟೋ ಮಾನ್ಯತೆಯ ಸೈಬರ್ ರಕ್ಷಣಾ ಕೇಂದ್ರ ಟಾಲಿನ್ನಿನಲ್ಲೇ ಬಂತು. ಒಂದು ಪ್ರತಿಮೆಯ ಜಗಳ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ಇದರಲ್ಲಿ ನೆನಪು ಎಲ್ಲಿಗೆ ಮುಗಿದು ಭದ್ರತೆ ಎಲ್ಲಿಂದ ಶುರುವಾಯಿತು ಅಂತ ಗೆರೆ ಎಳೆಯೋಕೆ ಆಗಲ್ಲ.

ಉಪನ್ಯಾಸದಲ್ಲಿ ಖಂಡಿತ ಬರುವ ಎರಡು ಮೂರು ಹೆಸರುಗಳಿವೆ. ಮೋರಿಸ್ ಆಲ್ಬ್‌ವಾಕ್ಸ್, ನೆನಪು ಒಬ್ಬೊಬ್ಬರ ತಲೆಯೊಳಗಿನದು ಮಾತ್ರ ಅಲ್ಲ, ಮನೆ, ಊರು, ಗುಂಪು ಅದನ್ನು ಹಿಡಿದಿಡುತ್ತದೆ ಅಂದ ಫ್ರೆಂಚ್ ಸಮಾಜಶಾಸ್ತ್ರಜ್ಞ. 1945ರಲ್ಲಿ ಬೂಖನ್‌ವಾಲ್ಡ್ ನಾಜಿ ಶಿಬಿರದಲ್ಲಿ ಸತ್ತ. ಆಮೇಲೆ ಯಾನ್ ಮತ್ತು ಅಲೈಡಾ ಅಸ್ಮಾನ್ ದಂಪತಿ. ಬಾಯಿಂದ ಬಾಯಿಗೆ ದಾಟುವ ನೆನಪು ಮೂರು ತಲೆಮಾರು, ಸುಮಾರು 80 ವರ್ಷ ಬದುಕುತ್ತದೆ, ಆಮೇಲೆ ಅದು ಉಳಿಯಬೇಕಾದರೆ ಕಲ್ಲು, ಹಬ್ಬ, ಮ್ಯೂಸಿಯಂ, ಪಠ್ಯಪುಸ್ತಕದ ರೂಪ ಪಡೆಯಬೇಕು ಅಂದವರು. ನಮಗೆ ಇದು ಕಷ್ಟವೇ ಅಲ್ಲ. ಅಜ್ಜಿ ತನ್ನ ಅಮ್ಮನಿಂದ ಕೇಳಿದ ಪ್ಲೇಗಿನ ಕಥೆ ಮೊದಲನೆಯದು. ಬೆಂಗಳೂರಿನ ಪ್ಲೇಗಮ್ಮನ ಗುಡಿ ಎರಡನೆಯದು. ಕಥೆ ಹೇಳುವವರು ಹೋದ ಮೇಲೂ ಗುಡಿ ಇದೆ, ಅಲ್ವಾ? ಈಗ ಯುದ್ಧ ಮುಗಿದ 1945ಕ್ಕೆ 80 ಸೇರಿಸಿ. ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಯುರೋಪಿನಲ್ಲಿ ಈ ವಿಷಯದ ಉಪನ್ಯಾಸಗಳು ಇಷ್ಟೊಂದು ಯಾಕೆ ಅನ್ನುವುದಕ್ಕೆ ಒಂದು ಕಾರಣ ಅದೇ.

ತಾರೀಖುಗಳ ಮೇಲೂ ಕಣ್ಣಿರಲಿ. ಜರ್ಮನಿ ಶರಣಾದದ್ದು 1945ರ ಮೇ 8ರ ತಡರಾತ್ರಿ. ಆಗ ಮಾಸ್ಕೋದಲ್ಲಿ 9ನೇ ತಾರೀಖು ಆಗಿಹೋಗಿತ್ತು. ಹಾಗಾಗಿ ಪಶ್ಚಿಮಕ್ಕೆ 8, ಸೋವಿಯತ್ ಕಡೆಗೆ 9. ಉಕ್ರೇನ್ 2023ರಲ್ಲಿ 9ನ್ನು ಬಿಟ್ಟು 8ಕ್ಕೆ ಬಂತು. ಗಡಿಯಾರದ ವ್ಯತ್ಯಾಸದಿಂದ ಹುಟ್ಟಿದ ಒಂದು ದಿನ ಈಗ ನೀವು ಯಾವ ಕಡೆಯವರು ಅಂತ ಹೇಳುವ ಗುರುತಾಗಿದೆ.

ಊರ ಹೆಸರುಗಳೂ ಹಾಗೆಯೇ. ಈಗಿನ ಉಕ್ರೇನಿನ ಲ್ವಿವ್ ಪೋಲಿಷ್ ಬಾಯಲ್ಲಿ ಲ್ವೂಫ್, ಜರ್ಮನ್ನಿನಲ್ಲಿ ಲೆಂಬೆರ್ಗ್, ರಷ್ಯನ್ನಿನಲ್ಲಿ ಲ್ವೋವ್. ಮಾತಾಡುವವರು ಯಾವುದನ್ನು ಬಳಸುತ್ತಾರೆ, ಯಾವ ಕಾಲದ ಬಗ್ಗೆ ಮಾತಾಡುವಾಗ ಬಳಸುತ್ತಾರೆ ಅಂತ ಬರೆದಿಟ್ಟುಕೊಳ್ಳಿ. ಬೆಳಗಾವಿ ಅಂತೀರೋ ಬೆಳಗಾಂವ್ ಅಂತೀರೋ ಅನ್ನುವುದರಲ್ಲಿ ಎಷ್ಟು ಅಡಗಿದೆ ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈ ಕಿವಿ ನಮಗೆ ಮೊದಲೇ ಇದೆ.

ಕೊನೆಗೆ, ಹೋಗುವ ದಾರಿಯಲ್ಲಿ ಕಾಲ ಕೆಳಗೆ ನೋಡಿ. ಫುಟ್‌ಪಾತಿನಲ್ಲಿ 10 ಸೆಂಟಿಮೀಟರ್ ಚೌಕದ ಹಿತ್ತಾಳೆ ತಲೆಯ ಕಲ್ಲುಗಳು ಕಾಣಬಹುದು, ಶ್ಟೋಲ್ಪರ್‌ಶ್ಟೈನ್ ಅಂತಾರೆ, ಎಡವುವ ಕಲ್ಲು. "ಹೀರ್ ವೋನ್‌ಟೆ", ಇಲ್ಲಿ ವಾಸವಿದ್ದರು, ಅಂತ ಸಾಮಾನ್ಯವಾಗಿ ಶುರುವಾಗುತ್ತದೆ. ಹೆಸರು, ಹುಟ್ಟಿದ ವರ್ಷ, ಎಲ್ಲಿಗೆ ಸಾಗಿಸಿದರು, ಎಲ್ಲಿ ಕೊಂದರು. ಕಲಾವಿದ ಗುಂಟರ್ ಡೆಮ್ನಿಗ್ 1990ರ ದಶಕದಲ್ಲಿ ಶುರು ಮಾಡಿದ ಕೆಲಸ, ಈಗ ಯುರೋಪಿನಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ಇವೆ. ನಮ್ಮ ವೀರಗಲ್ಲು ಗೆದ್ದೋ ಹೋರಾಡಿಯೋ ಸತ್ತವನಿಗೆ, ಇದು ಮನೆಯಿಂದ ಎಳೆದೊಯ್ದವರಿಗೆ. ಓದಬೇಕಾದರೆ ತಲೆ ಬಗ್ಗಿಸಬೇಕು. ಒಂದನ್ನು ಓದಿಕೊಂಡು ಹಾಲಿಗೆ ಹೋಗಿ.

5. ಹಾಲಿನ ಒಳಗೆ

ಹದಿನೈದು ನಿಮಿಷ ಮುಂಚೆ ಹೋಗಿ. ಲಂಡನ್ನಿನಲ್ಲಿ ಇನ್ನೂ ಬೇಗ, ಯಾಕೆಂದರೆ ಪುಕ್ಕಟೆ ಟಿಕೆಟ್ ತಗೊಂಡವರು ಎಲ್ಲರೂ ಬರುವುದಿಲ್ಲ ಅಂತ ಅವರಿಗೆ ಗೊತ್ತು, ಸೀಟಿಗಿಂತ ಜಾಸ್ತಿ ಟಿಕೆಟ್ ಕೊಟ್ಟಿರುತ್ತಾರೆ. ಟಿಕೆಟ್ ಕೈಯಲ್ಲಿದೆ ಅಂದ ಮಾತ್ರಕ್ಕೆ ಸೀಟು ನಿಮ್ಮದಲ್ಲ.

ಮುಂದಿನ ಒಂದೆರಡು ಸಾಲಿನಲ್ಲಿ "ರೆಸೆರ್‌ವೀರ್ಟ್" ಚೀಟಿ ಇದ್ದರೆ ಕೂರಬೇಡಿ. ಮಧ್ಯದಲ್ಲಿ ಎದ್ದು ಹೋಗಬೇಕಾಗಬಹುದು ಅಂತಿದ್ದರೆ ಸಾಲಿನ ತುದಿ ಹಿಡಿಯಿರಿ. ಹಳೆಯ ಹಾಲುಗಳಲ್ಲಿ ಸೀಟು ಮಡಚಿಕೊಳ್ಳುವ ಸದ್ದಿಗೆ ಇಡೀ ಹಾಲು ತಿರುಗಿ ನೋಡುತ್ತದೆ.

ಮುಗಿದಾಗ ಚಪ್ಪಾಳೆ ಬದಲು ಮುಂದಿನ ಮರದ ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ಟಕಟಕ ಬಡಿಯುತ್ತಾರೆ. ಮೊದಲ ಸಲ ಕೇಳಿದಾಗ ತಗಡಿನ ಮಾಡಿಗೆ ಮಳೆ ಬಿದ್ದ ಹಾಗೆ ಇರುತ್ತದೆ. ಗಾಬರಿಯಾಗಬೇಡಿ, ನೀವೂ ಬಡಿಯಿರಿ. ಹೊರಗಿನ ಜನ ಜಾಸ್ತಿ ಬರುವ ಕಾರ್ಯಕ್ರಮದಲ್ಲಿ ಚಪ್ಪಾಳೆಯೂ ಬೀಳುತ್ತದೆ, ಅಕ್ಕಪಕ್ಕದವರನ್ನು ನೋಡಿ ಮಾಡಿದರಾಯಿತು.

ಕೇಳದೆ ರೆಕಾರ್ಡ್ ಮಾಡಬೇಡಿ, ಅಕ್ಕಪಕ್ಕದವರ ಮುಖ ಬರುವ ಫೋಟೊ ಬೇಡವೇ ಬೇಡ. ಈ ವಿಷಯದಲ್ಲಿ ಇಲ್ಲಿನವರು ತುಂಬಾ ಖಡಕ್. ಇನ್ನು "ಚಾಥಮ್ ಹೌಸ್ ನಿಯಮ" ಅಂತ ಶುರುವಿನಲ್ಲಿ ಹೇಳಿದರೆ ನೆನಪಿಡಿ: ಕೇಳಿದ ವಿಷಯವನ್ನು ಬಳಸಬಹುದು, ಯಾರು ಹೇಳಿದ್ದು, ಅವರು ಯಾವ ಸಂಸ್ಥೆಯವರು ಅಂತ ಹೊರಗೆ ಹೇಳುವಂತಿಲ್ಲ. 1927ರಿಂದ ಇರುವ ನಿಯಮ. ತೆರೆದ ಉಪನ್ಯಾಸಗಳಲ್ಲಿ ಇದು ಅಪರೂಪ, ಭದ್ರತೆಯ ಸಣ್ಣ ಕೂಟಗಳಲ್ಲಿ ಮಾಮೂಲು. ವಾಟ್ಸಾಪ್ ಸ್ಟೇಟಸ್ಸಿಗೂ ಇದು ಅನ್ವಯಿಸುತ್ತದೆ.

6. ಪ್ರಶ್ನೆ ಕೇಳುವುದು

ಉಪನ್ಯಾಸ ಮುಗಿದ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆ ಪ್ರಶ್ನೋತ್ತರ. ನಡೆಸುವವರು ಮೂರು ಪ್ರಶ್ನೆ ಒಟ್ಟಿಗೆ ತಗೊಂಡು ಆಮೇಲೆ ಉತ್ತರಿಸಲು ಬಿಡುತ್ತಾರೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ ಬಂತಾ ಇಲ್ಲವಾ ಅಂತ ನೀವೇ ಲೆಕ್ಕ ಇಟ್ಟುಕೊಳ್ಳಬೇಕು.

ಕೊರೆಫೆರಾಟ್ ಅಂತ ಒಂದು ಪದ ಇದೆ. ಪ್ರಶ್ನೆ ಕೇಳುತ್ತೇನೆ ಅಂತ ಎದ್ದು ತಾನೇ ಇನ್ನೊಂದು ಉಪನ್ಯಾಸ ಕೊಡುವವರನ್ನು ಆಡಿಕೊಳ್ಳೋಕೆ ಬಳಸುವುದು. "ದಯವಿಟ್ಟು ಕೊರೆಫೆರಾಟ್ ಬೇಡ" ಅಂತ ಮೊದಲೇ ಹೇಳುತ್ತಾರೆ, ಆದರೂ ಯಾರೋ ಒಬ್ಬರು ಕೊಟ್ಟೇ ಕೊಡುತ್ತಾರೆ. ಆ ಒಬ್ಬರು ನೀವಾಗಬೇಡಿ.

ಹೆಸರು ಹೇಳಿ, ಒಂದು ವಾಕ್ಯದಲ್ಲಿ ಅವರು ಹೇಳಿದ್ದನ್ನು ನೆನಪಿಸಿ, ಒಂದು ವಾಕ್ಯದಲ್ಲಿ ಕೇಳಿ. "ಭಾರತ ಸಾವಿರಾರು ವರ್ಷಗಳಿಂದ ಶಾಂತಿಯ ದೇಶ, ಯುರೋಪ್ ನಮ್ಮಿಂದ ಕಲಿಯಬೇಕಲ್ಲವೇ?" ಇದು ಪ್ರಶ್ನೆ ಅಲ್ಲ. "ನೀವು ಎಸ್ಟೋನಿಯಾದ ನಾರ್ವಾ ಊರಿನ ಮಾತೆತ್ತಿದಿರಿ. ಅಲ್ಲಿನ ರಷ್ಯನ್ ಮಾತಾಡುವವರ ಮನೆಗಳಲ್ಲಿ 2007ರ ಪ್ರತಿಮೆ ಗಲಾಟೆಯನ್ನು ಈಗ ಹೇಗೆ ಹೇಳುತ್ತಾರೆ?" ಇದು ಪ್ರಶ್ನೆ. ಭಾಷೆ ತೊದಲಿದರೂ ಪರವಾಗಿಲ್ಲ, ಚೀಟಿ ನೋಡಿ ಓದಿದರೂ ಯಾರೂ ನಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಒಂದು ದುರಂತವನ್ನು ಇನ್ನೊಂದರ ಜೊತೆ ತೂಗುವ ಪ್ರಶ್ನೆ ಬೇಡ. ಬಂಗಾಳದ ಕ್ಷಾಮ, ಸ್ಟಾಲಿನ್ ಕಾಲದ ಉಕ್ರೇನಿನ ಕ್ಷಾಮ, ಯಹೂದಿಗಳ ಹತ್ಯೆ, ಇವನ್ನು ಒಟ್ಟಿಗೆ ಓದುವ ಸಂಶೋಧಕರು ಇದ್ದಾರೆ, ಅದು ಗಂಭೀರ ಕೆಲಸ. ಆದರೆ ಒಂದು ನಿಮಿಷದ ಪ್ರಶ್ನೆಯಲ್ಲಿ ಅದು "ನಿಮ್ಮದಕ್ಕಿಂತ ನಮ್ಮದು ದೊಡ್ಡದು" ಅಂತಲೇ ಕೇಳಿಸುತ್ತದೆ. ಅದೇ ಹಾಲಿನಲ್ಲಿ ಸತ್ತವರ ಮೊಮ್ಮಕ್ಕಳು ಕೂತಿರಬಹುದು.

7. ಮುಗಿದ ಮೇಲೆ

ಪ್ರಕಟಣೆಯಲ್ಲಿ "ಎಂಪ್‌ಫಾಂಗ್" ಅಂತಿದ್ದರೆ ಉಪನ್ಯಾಸದ ನಂತರ ಹೊರಗೆ ನಿಂತು ವೈನ್, ಜ್ಯೂಸ್, ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಇರುತ್ತದೆ. ಊಟ ಅಂತ ನಂಬಿಕೊಂಡು ಹೋಗಬೇಡಿ. ಆದರೆ ಓಡಿಹೋಗಲೂ ಬೇಡಿ. ಹಾಲಿನಲ್ಲಿ ಕೇಳಲಾಗದ ಪ್ರಶ್ನೆಯನ್ನು ಇಲ್ಲಿ ಮಾತಾಡಿದವರ ಹತ್ತಿರ ನೇರ ಕೇಳಬಹುದು.

ನೀವು ಭಾರತದವರು ಅಂತ ಗೊತ್ತಾದರೆ ಒಂದು ಪ್ರಶ್ನೆ ಖಾಯಂ: "ರಷ್ಯಾದಿಂದ ಯಾಕೆ ಎಣ್ಣೆ ಕೊಳ್ಳುತ್ತೀರಿ?" ನೀವೇ ಪೆಟ್ರೋಲ್ ಮಂತ್ರಿ ಅನ್ನುವ ಹಾಗೆ ಕೇಳುತ್ತಾರೆ. ಜಗಳಕ್ಕೆ ಇಳಿಯುವ ಅಗತ್ಯ ಇಲ್ಲ. ಯುರೋಪಿನ ಸಮಸ್ಯೆ ಜಗತ್ತಿನ ಸಮಸ್ಯೆ, ಆದರೆ ಜಗತ್ತಿನ ಸಮಸ್ಯೆ ಯುರೋಪಿನದಲ್ಲ ಅನ್ನುವ ಮನೋಭಾವದಿಂದ ಯುರೋಪ್ ಹೊರಗೆ ಬರಬೇಕು ಅಂತ ಜೈಶಂಕರ್ 2022ರ ಜೂನಿನಲ್ಲಿ ಬ್ರಾಟಿಸ್ಲಾವಾದಲ್ಲಿ ಹೇಳಿದ್ದರು. ಮರುವರ್ಷ ಮ್ಯೂನಿಕ್ ಭದ್ರತಾ ಸಮ್ಮೇಳನದಲ್ಲಿ ಶೋಲ್ಟ್ಸ್ ಆ ಮಾತನ್ನೇ ಎತ್ತಿಕೊಂಡು, ಅದರಲ್ಲಿ ಹುರುಳಿದೆ ಅಂತ ಒಪ್ಪಿದರು. ಈ ವಿಷಯ ಇಲ್ಲಿನ ಪ್ರೊಫೆಸರ್‌ಗಳಿಗೆ ಚೆನ್ನಾಗಿ ಗೊತ್ತು. ಅಲ್ಲಿಂದ ಮಾತು ಶುರು ಮಾಡಿದರೆ ಸಂಭಾಷಣೆ ಮುಂದೆ ಹೋಗುತ್ತದೆ. ಸರ್ಕಾರದ ಪರ ವಾದಿಸುವುದು ನಿಮ್ಮ ಕೆಲಸವಲ್ಲ, ಅದನ್ನೂ ನಗುತ್ತಾ ಹೇಳಬಹುದು.

ಸರ್ಟಿಫಿಕೇಟ್ ಕೊಡ್ತಾರಾ ಅಂತ ಬಹಳ ಜನ ಕೇಳುತ್ತಾರೆ. ಕೊಡುವುದಿಲ್ಲ.

8. ಊರಿನಲ್ಲೇ ಕೂತು ನೋಡುವವರಿಗೆ

ಮೊದಲು ಗಡಿಯಾರ. ಜರ್ಮನಿ, ಆಸ್ಟ್ರಿಯಾ, ಪೋಲೆಂಡ್ ಚಳಿಗಾಲದಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಬರ್ಲಿನ್ನಿನ 18:15 ಅಂದರೆ ಚಳಿಗಾಲದಲ್ಲಿ ನಮ್ಮ ರಾತ್ರಿ 10:45, ಬೇಸಿಗೆಯಲ್ಲಿ 9:45. ಲಂಡನ್ ಇನ್ನೂ ಒಂದು ಗಂಟೆ ಹಿಂದೆ, ಅಲ್ಲಿನ 18:30 ಚಳಿಗಾಲದಲ್ಲಿ ನಮಗೆ ಸರಿಯಾಗಿ ಮಧ್ಯರಾತ್ರಿ. ಗಡಿಯಾರ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ. ಆ ವಾರವೇ ಒಂದು ಗಂಟೆ ಮುಂಚೆಯೋ ತಡವಾಗಿಯೋ ಲಾಗಿನ್ ಆಗಿ ಬೈದುಕೊಳ್ಳುವವರು ಜಾಸ್ತಿ.

ನಿದ್ದೆಗೆಡಬೇಕಾಗಿಯೂ ಇಲ್ಲ. ಎಲ್ಎಸ್ಇ ಮತ್ತು ಗ್ರೆಶಮ್ ತಮ್ಮ ಬಹಳಷ್ಟು ಉಪನ್ಯಾಸಗಳನ್ನು ಆಮೇಲೆ ಪುಕ್ಕಟೆ ಹಾಕುತ್ತವೆ. ಯುರೋಪಿನಾಚೆಯದಾದರೂ ಇದೊಂದನ್ನು ಹೇಳಲೇಬೇಕು: ಅಮೆರಿಕದ ಯೇಲ್‌ನಲ್ಲಿ ಇತಿಹಾಸಕಾರ ತಿಮೊತಿ ಸ್ನೈಡರ್ 2022ರಲ್ಲಿ ಉಕ್ರೇನಿನ ಇತಿಹಾಸದ ಮೇಲೆ ಮಾಡಿದ ಇಡೀ ಕೋರ್ಸ್ ಯೂಟ್ಯೂಬಿನಲ್ಲಿದೆ. ಯುದ್ಧ ನಡೆಯುತ್ತಿರುವಾಗಲೇ ಮಾಡಿದ ಪಾಠ. ವಾರಕ್ಕೊಂದು ನೋಡಿ, ಒಟ್ಟಿಗೆ ನೋಡಿದರೆ ತಲೆ ಕೆಡುತ್ತದೆ. ನಮ್ಮಲ್ಲೇ ಎದುರು ಕೂತು ಕೇಳಬೇಕು ಅನ್ನುವವರು ಮಣಿಪಾಲದ ಯುರೋಪಿಯನ್ ಅಧ್ಯಯನ ಕೇಂದ್ರದ ಕಾರ್ಯಕ್ರಮಗಳ ಮೇಲೆ ಕಣ್ಣಿಡಿ.

ಝೂಮ್ ಲಿಂಕ್ ಬೇಕಾದರೆ ಒಂದೆರಡು ದಿನ ಮುಂಚೆ ಹೆಸರು ಕೊಟ್ಟಿರಬೇಕಾಗುತ್ತದೆ. ಲಿಂಕ್ ಬರುವುದು ಕೆಲವೊಮ್ಮೆ ಕಾರ್ಯಕ್ರಮದ ದಿನ ಮಧ್ಯಾಹ್ನ, ಅದೂ ಸ್ಪ್ಯಾಮ್ ಫೋಲ್ಡರಿಗೆ.

ಇಲ್ಲಿರುವವರಿಗೆ ಕೊನೆಯದಾಗಿ ಒಂದು. ಅಕ್ಟೋಬರ್ ಎರಡನೇ ವಾರದಲ್ಲಿ ಮೆನ್ಸಾ ಹತ್ತಿರ, ಅಂದರೆ ವಿದ್ಯಾರ್ಥಿಗಳ ಕ್ಯಾಂಟೀನ್ ಹತ್ತಿರ, ಗೋಡೆಗಳ ಮೇಲೆ ರಿಂಗ್‌ಫೋರ್ಲೆಸುಂಗ್ ಪೋಸ್ಟರುಗಳು ಬೀಳುತ್ತವೆ. ಇಡೀ ಸೆಮಿಸ್ಟರಿನ ಪಟ್ಟಿ ಅದೊಂದರಲ್ಲೇ ಇರುತ್ತದೆ. ಕಂಡ ತಕ್ಷಣ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದಿನ ವಾರ ಹೋಗುವಷ್ಟರಲ್ಲಿ ಅದರ ಮೇಲೆ ಯಾರೋ ಬಾಡಿಗೆ ರೂಮಿನ ಚೀಟಿ ಅಂಟಿಸಿರುತ್ತಾರೆ.